ಕನ್ನಡದ ಪುಟ ಕನ್ನಡಿಗನ ಕೈ ಸೇರಲಿ

ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಭವಿಷ್ಯನಿಧಿಯ ವಿಷಯವಾಗಲಿ, ವಿಮೆಯ ವಿಷಯವಾಗಲಿ ತಿಳಿಯಬೇಕಾದರೆ ಇಂದು ಕೈಯಲ್ಲಿರುವ ಮೊಬೈಲೇ ಗತಿ. ಆದರೆ ಹುಡುಕಿದಾಗ ಎಷ್ಟೋ ಸಲ ಎದುರಾಗುವುದು ಇಂಗ್ಲಿಷ್ ಪುಟ, ಇಲ್ಲವೆ ಹಿಂದಿ ಪುಟ. ಅದೇ ಜಾಲತಾಣದಲ್ಲಿ ಕನ್ನಡ ಪುಟವಿದ್ದರೂ ಹೀಗಾಗುವುದುಂಟು. ಅಡಿಗೆಮನೆಯಲ್ಲಿ ಅನ್ನವಿದ್ದೂ ಎಲೆಗೆ ಬಾರದಿದ್ದರೆ ಹಸಿವು ಹೋದೀತೆ?

ಇದಕ್ಕೆ ಗೂಗಲನ್ನೊಂದೇ ದೂರಿ ಫಲವಿಲ್ಲ. ಒಂದೇ ವಿಷಯದ ಪುಟ ಯಾವ ಯಾವ ಭಾಷೆಗಳಲ್ಲಿ ಎಲ್ಲೆಲ್ಲಿದೆ ಎಂದು ತಿಳಿಸಲು ‘ಎಚ್‌ರೆಫ್‌ಲ್ಯಾಂಗ್’ ಎಂಬ ಗುರುತನ್ನು ಅದು 2011ರಲ್ಲಿಯೇ ಬಳಕೆಗೆ ತಂದಿದೆ. ಈ ಗುರುತು ಓದುಗನ ಕಣ್ಣಿಗೆ ಬೀಳುವುದಿಲ್ಲ. ಹುಡುಕುವ ಯಂತ್ರ ಮಾತ್ರ ಓದುತ್ತದೆ. ಅದನ್ನು ಹಾಕಬೇಕಾದವರು ಜಾಲತಾಣದ ಒಡೆಯರು.

ನಿಯಮಗಳೇನೂ ಕಠಿಣವಲ್ಲ. ಪ್ರತಿಯೊಂದು ಭಾಷೆಯ ಪುಟಕ್ಕೂ ಬೇರೆ ವಿಳಾಸವಿರಲಿ. ಪ್ರತಿಯೊಂದು ಪುಟವೂ ತನ್ನನ್ನೂ ಉಳಿದ ಭಾಷೆಗಳ ಪುಟಗಳನ್ನೂ ಹೆಸರಿಸಲಿ. ಕನ್ನಡ ಪುಟ ಮರಾಠಿ ಪುಟವನ್ನು ತೋರಿಸಿ, ಮರಾಠಿ ಪುಟ ಸುಮ್ಮನಿದ್ದರೆ ಆ ಗುರುತು ಲೆಕ್ಕಕ್ಕೆ ಬಾರದೆ ಹೋಗಬಹುದು. ಕನ್ನಡದ ಸಂಕೇತ ‘ಕೆ-ಎನ್’. ಕರ್ನಾಟಕವೆಂದು ನೆನೆದು ‘ಕೆ-ಎ’ ಬರೆದರೆ ಅದು ಜಾರ್ಜಿಯನ್ ಭಾಷೆಯಾಗುತ್ತದೆ!

ಇನ್ನು ಕೆಲವು ತಾಣಗಳು ಓದುಗನಿರುವ ಊರನ್ನು ನೋಡಿ ತಾವೇ ಭಾಷೆಯನ್ನು ನಿರ್ಣಯಿಸಿಬಿಡುತ್ತವೆ. ಗಿರಾಕಿಯನ್ನು ಕೇಳದೆ ಮುಖ ನೋಡಿಯೇ ತಿಂಡಿ ತಂದಿಡುವ ಮಾಣಿಯನ್ನು ಯಾವ ಧಣಿ ಇಟ್ಟುಕೊಂಡಾನು? ಹೀಗೆ ತಾನಾಗಿ ಬೇರೆ ಭಾಷೆಯ ಪುಟಕ್ಕೆ ತಳ್ಳಬಾರದೆಂದು ಗೂಗಲ್ ಸಹ ಹೇಳುತ್ತದೆ. ಮರಾಠಿಯ ಮೇಲೆ ನಮಗೆ ದ್ವೇಷವಿಲ್ಲ. ಅದು ನಮಗೆ ಅನ್ನವಿತ್ತ ನಾಡಿನ ನುಡಿ. ಆದರೆ ಬೆವರು ಸುರಿಸಿ ಗಳಿಸಿದ ಹಣದ ಲೆಕ್ಕವನ್ನು ತನಗೆ ಚೆನ್ನಾಗಿ ತಿಳಿದ ಭಾಷೆಯಲ್ಲಿ ಓದುವ ಹಕ್ಕು ಕಾರ್ಮಿಕನಿಗಿದೆ. ಅರ್ಥವಾಗದ ಅರ್ಜಿಗೆ ರುಜು ಹಾಕಿದವನ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

“ಕನ್ನಡ ಪುಟವನ್ನು ನೋಡುವವರೇ ಇಲ್ಲ” ಎಂಬ ಮಾತು ಆಗಾಗ ಕೇಳಿಬರುತ್ತದೆ. ಬಾಗಿಲಿಗೆ ಫಲಕವನ್ನೇ ಹಾಕದೆ ಗಿರಾಕಿ ಬರಲಿಲ್ಲವೆಂದರೆ ಹೇಗೆ? ಆದರೆ ಫಲಕವೊಂದೇ ಸಾಲದು. ಮೇಲಿನ ಪಟ್ಟಿಯಷ್ಟೇ ಕನ್ನಡ, ಒಳಗಿನದೆಲ್ಲ ಇಂಗ್ಲಿಷ್ ಎಂಬ ಪುಟಕ್ಕೆ ಯಾವ ಗುರುತು ಹಾಕಿಯೂ ಪ್ರಯೋಜನವಿಲ್ಲ. ಪುಟದ ಭಾಷೆಯನ್ನು ಯಂತ್ರ ಅಲ್ಲಿಯ ಬರಹದಿಂದಲೇ ತಿಳಿಯುತ್ತದೆ.

ಆದುದರಿಂದ ಸರಕಾರಿ ಇಲಾಖೆಗಳನ್ನೂ, ಬ್ಯಾಂಕುಗಳನ್ನೂ, ವಿಮಾ ಸಂಸ್ಥೆಗಳನ್ನೂ ನಾವು ಒತ್ತಾಯಿಸುತ್ತೇವೆ: ಕನ್ನಡ ಪುಟ ಬರೆಯಿಸಿರಿ, ಸರಿಯಾದ ಗುರುತು ಹಾಕಿರಿ, ಭಾಷೆಯ ಆಯ್ಕೆಯನ್ನು ಓದುಗನಿಗೆ ಬಿಡಿರಿ. ನಮ್ಮ ಕನ್ನಡ ಸಂಘಗಳು ತಮ್ಮ ತಮ್ಮ ತಾಣಗಳಿಂದಲೇ ಈ ಕೆಲಸವನ್ನು ಮೊದಲು ಮಾಡಲಿ.