ಇಲಿಯ ಮೆದುಳನ್ನು ಎಲ್ಲಿ ನಂಬಬೇಕು?

ಇಲಿಯಲ್ಲಿ ಫಲಿಸಿದ ಅನೇಕ ಆಲ್‌ಝೈಮರ್ ಔಷಧಗಳು ಮನುಷ್ಯರಲ್ಲಿ ಒಂದರ ಹಿಂದೊಂದು ಸೋತಿವೆ. ಹಾಗಾಗಿ, ಮನುಷ್ಯನ ಮೆದುಳು ತಿಳಿಯಲು ಇಲಿಯ ಸಹವಾಸವೇ ಬೇಡ ಎನ್ನುವವರಿದ್ದಾರೆ. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಈ ವಾದಕ್ಕೆ ಕೊಡುವ ಮೂರು ಕಾರಣಗಳನ್ನು ನಾನು ಒಪ್ಪಲಾರೆ.

ಮೊದಲನೆಯದು: ‘ಎಂಟು ಕೋಟಿ ವರ್ಷಗಳ ಹಿಂದೆಯೇ ಮನುಷ್ಯ, ಇಲಿಗಳ ದಾರಿ ಬೇರೆಯಾಗಿದೆ, ಇನ್ನೆಲ್ಲಿಯ ಹೋಲಿಕೆ?’

ಜೀನ್ ಯಾವ ಕೋಶದಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ನಿರ್ಧರಿಸುವ ಸ್ವಿಚ್‌ಗಳು ಡಿಎನ್‌ಎಯಲ್ಲೇ ಇವೆ. ಮನುಷ್ಯ, ಇಲಿ, ಹೆಗ್ಗಣದಂಥ ದೊಡ್ಡ ಇಲಿ ಮೂರರಲ್ಲೂ ಒಂದಕ್ಷರ ಬದಲಾಗದ, 200 ಅಕ್ಷರಗಳಿಗೆ ಕಡಿಮೆಯಿಲ್ಲದ 481 ತುಣುಕುಗಳು 2004ರಲ್ಲಿ ಪತ್ತೆಯಾದವು. ಅವುಗಳಲ್ಲಿ ಹಲವು ಭ್ರೂಣದ ಮೆದುಳಿನಲ್ಲಿ ಜೀನ್‌ಗಳನ್ನು ಚಾಲೂ ಮಾಡುವ ಸ್ವಿಚ್‌ಗಳೆಂದು ಆಮೇಲೆ ತಿಳಿಯಿತು. ಇಷ್ಟು ಕಾಲ ಒಂದಕ್ಷರವೂ ಸವೆಯದೆ ಉಳಿಯುವುದು ಆಕಸ್ಮಿಕವಲ್ಲ.

ಎರಡನೆಯದು: ‘ಅಂಥ ತುಣುಕು ಕಿತ್ತರೂ ಇಲಿ ಬದುಕಿತು, ಅಂದಮೇಲೆ ಅದಕ್ಕೆ ಕೆಲಸವೇ ಇಲ್ಲ.’

ಅಂಥ ತುಣುಕುಗಳನ್ನು ಕಿತ್ತ 2007ರ ಪ್ರಯೋಗದಲ್ಲಿ ಇಲಿಗಳು ಬದುಕಿದ್ದು ನಿಜ. ಆದರೆ 2018ರಲ್ಲಿ ಮೆದುಳಿನ ಬೆಳವಣಿಗೆಗೆ ಬೇಕಾದ ಎಆರ್‌ಎಕ್ಸ್ ಜೀನಿನ ಬಳಿಯ ಇಂಥ ಸ್ವಿಚ್‌ಗಳನ್ನು ಕಿತ್ತು, ಮೆದುಳನ್ನೇ ತೆರೆದು ನೋಡಿದರು. ಇಲಿಗಳು ಬದುಕಿದ್ದವು, ಮರಿಯನ್ನೂ ಹಾಕುತ್ತಿದ್ದವು. ಆದರೆ ಬಹುಪಾಲು ಇಲಿಗಳಲ್ಲಿ ನರಕೋಶಗಳ ಪ್ರಮಾಣವೋ ಮೆದುಳಿನ ರಚನೆಯೋ ಬೆಳವಣಿಗೆಯೋ ಏರುಪೇರಾಗಿತ್ತು. ಪಂಜರದಲ್ಲಿ ಬದುಕುಳಿಯುವುದೇ ಆರೋಗ್ಯವಲ್ಲ.

ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ‘ಸ್ವಿಚ್‌ಗಳಲ್ಲಿ ಹೊಂದುವುದು ಮೂರನೇ ಒಂದು ಪಾಲು ಮಾತ್ರ.’

ಈ ಲೆಕ್ಕ ಸರಿ. ಮಾನವ ಮೆದುಳಿನ 42 ಭಾಗಗಳ ಸುಮಾರು 11 ಲಕ್ಷ ಕೋಶಗಳನ್ನು ಒಂದೊಂದಾಗಿ ಪರಿಶೀಲಿಸಿದ 2023ರ ನಕ್ಷೆಯಲ್ಲಿ 5,44,735 ಸಂಭಾವ್ಯ ಸ್ವಿಚ್‌ಗಳಿವೆ. ಇಲಿಯ ಮೆದುಳಿನಲ್ಲೂ ತೆರೆದಿರುವುದು, ಅಂದರೆ ಬಳಕೆಗೆ ಸಿಗುವಂತಿರುವುದು, ಅವುಗಳ ಮೂರನೇ ಒಂದರಷ್ಟು. ಆದರೆ ಮನುಷ್ಯನಿಗಷ್ಟೇ ವಿಶಿಷ್ಟವಾದವು ಯಾವುವೆಂದು ತಿಳಿದದ್ದಾದರೂ ಹೇಗೆ? ಇಲಿಯ ನಕ್ಷೆಯನ್ನು ಪಕ್ಕದಲ್ಲಿಟ್ಟಿದ್ದರಿಂದಲೇ.

ಹೋಲಿಕೆಯನ್ನು ಕೋಶದ ಬಗೆ ನೋಡಿಯೇ ಮಾಡಬೇಕು. ಆಲ್‌ಝೈಮರ್ ಅಪಾಯಕ್ಕೆ ನಂಟಿರುವ ಬಿನ್1 ಜೀನಿನ ಒಂದು ಸ್ವಿಚ್ಚನ್ನು 2019ರಲ್ಲಿ ಮಾನವ ಕಾಂಡಕೋಶಗಳಿಂದ ತೆಗೆದರು. ಅವುಗಳಿಂದ ಬೆಳೆಸಿದ ಮೈಕ್ರೊಗ್ಲಿಯಾ ಎಂಬ, ಮೆದುಳಿನ ರೋಗನಿರೋಧಕ ಕೋಶಗಳಲ್ಲಿ ಬಿನ್1 ಅಡಗಿತು. ನರಕೋಶಗಳಲ್ಲಿ ಹಾಗೇ ಉಳಿಯಿತು. ‘ಮೆದುಳಿನಲ್ಲಿ ಹೊಂದುತ್ತದೆಯೇ’ ಎಂಬ ಪ್ರಶ್ನೆಯೇ ಸಾಲದು. ಯಾವ ಕೋಶದಲ್ಲಿ ಎಂದು ಕೇಳಬೇಕು.

ಇದನ್ನು ಕೇಳದೆ ನೇರ ಇಲಿಯ ಮೇಲೆ ಪ್ರಯೋಗಕ್ಕಿಳಿಯುವ, ಇಲಿಯ ಪರ ವಾದಿಸುವ ನಮ್ಮ ಕಡೆಯವರೂ ತಪ್ಪು ಮಾಡುತ್ತಿದ್ದಾರೆ. ನಾವು ಅಧ್ಯಯನ ಮಾಡುವ ಸ್ವಿಚ್ ಇಲಿಯ ಅದೇ ಬಗೆಯ ಕೋಶದಲ್ಲಿ ತೆರೆದಿದ್ದರೆ ಇಲಿಯನ್ನು ಕೇಳೋಣ. ಇಲ್ಲದಿದ್ದರೆ ಮಾನವ ಕೋಶಗಳನ್ನೇ ಕೇಳೋಣ. ಈಗ ನಕ್ಷೆ ಕೈಯಲ್ಲಿದೆ. ನೋಡದೆ ನಂಬುವುದಕ್ಕೂ ನೋಡದೆ ತಳ್ಳಿಹಾಕುವುದಕ್ಕೂ ನೆಪ ಉಳಿದಿಲ್ಲ.