ಬಿಗಿಯಾದದ್ದೆಲ್ಲ ಗಟ್ಟಿಯಲ್ಲ

ನಮ್ಮ ಸಂಘದಲ್ಲಿ ಬೇಸ್‌ಮೆಂಟಿನ ಮರಗೆಲಸದ ಚಟ ಹತ್ತಿದವರು ನಾಲ್ಕಾರು ಮಂದಿಯಾದರೂ ಇದ್ದಾರೆ. ಕೀಲು ಬಿಗಿಯಾದಷ್ಟೂ ಕುರ್ಚಿ ಗಟ್ಟಿ ಎಂಬುದು ಅವರ ವಾದ. ಊರಿನಿಂದ ಬಂದಿದ್ದ ಅಮ್ಮ ನಾವು ಮಾಡಿದ ಕುರ್ಚಿಯಲ್ಲಿ ಕೂತು, ಹಿಂಗಾಲು ಕಳಚಿ ನೆಲಕ್ಕೆ ಬೀಳುವವರೆಗೆ ನಾವೂ ಹಾಗೆಯೇ ನಂಬಿದ್ದೆವು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆದರೆ ವಾಪಸು ಹೊರಡುವ ತನಕ ಅವರು ಅಂಗಡಿಯ ಕುರ್ಚಿಯನ್ನೇ ಹುಡುಕಿ ಕೂತರು!

ಅದು ಲೂಸ್ ಟೆನನ್ ಕೀಲು. ಅಂದರೆ ಎರಡೂ ಮರಗಳಲ್ಲಿ ಗುಳಿ ಕೊರೆದು, ಬೇರೆಯದೇ ಒಂದು ಮರದ ಪಟ್ಟಿಗೆ ಅಂಟು ಹಚ್ಚಿ ನಡುವೆ ಕೂರಿಸುವುದು. ಕಳಚಿದ ಕೀಲನ್ನು ಸೀಳಿ ನೋಡಿದೆವು. ಪಟ್ಟಿಯ ಅಗಲವಾದ ಎರಡು ಮುಖಗಳೂ ಬಹುಪಾಲು ಬರಿದು. ಅಂಟೆಲ್ಲ ಗುಳಿಯ ತಳದಲ್ಲಿ ಹೆಪ್ಪುಗಟ್ಟಿತ್ತು. ಸುತ್ತಿಗೆಯಿಂದ ಬಡಿದು ಕೂರಿಸಿದವರು ನಾವೇ. ಪಟ್ಟಿ ಪಿಸ್ಟನ್ನಿನಂತೆ ಅಂಟನ್ನು ಕೆರೆದುಕೊಂಡು ಕೆಳಗಿಳಿದಿತ್ತು.

ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಪಾಲಿವಿನೈಲ್ ಅಸಿಟೇಟಿನ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಆ ನೀರನ್ನು ಮರ ಹೀರಿಕೊಂಡಾಗ ಕಣಗಳು ಒಂದಕ್ಕೊಂದು ಸೇರಿ ಪೊರೆಯಾಗುತ್ತವೆ. ನೀರು ಕುಡಿದ ಮರವೂ ಉಬ್ಬುತ್ತದೆ. ಹೀಗಾಗಿ ಒಣಗಿದ್ದಾಗ ಬಿಗಿಯಾಗಿದ್ದ ಪಟ್ಟಿ ಅಂಟು ಹಚ್ಚಿದ ಮೇಲೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಹಾಗೆಂದು ಸಡಿಲ ಬಿಟ್ಟರೆ ಸಂದನ್ನು ಅಂಟು ತುಂಬೀತೆಂಬ ಭರವಸೆಯೂ ಬೇಡ. ಬಿಳಿ ಅಂಟಿನ ದಪ್ಪ ಪದರ ದುರ್ಬಲ. ಸಂದು ತುಂಬುವುದು ಎಪಾಕ್ಸಿಯ ಕೆಲಸ.

ನಮ್ಮ ಮತದಲ್ಲಿ ದಪ್ಪದಲ್ಲಿ ಎರಡೂ ಪಕ್ಕ ಸೇರಿ ಒಂದೆರಡು ಕಾಗದದಷ್ಟು, ಅಂದರೆ 0.1ರಿಂದ 0.2 ಮಿ.ಮೀ., ಜಾಗವಿದ್ದರೆ ಸಾಕು. ಅಂಟಿಲ್ಲದೆ ಕೂರಿಸಿ ನೋಡುವಾಗ ಪಟ್ಟಿ ಕೈಯೊತ್ತಿಗೆ ಒಳಗೆ ಹೋಗಬೇಕು, ಮರವನ್ನು ತಲೆಕೆಳಗು ಮಾಡಿದರೆ ಬೀಳಬಾರದು. ಅಗಲದಲ್ಲಿ ಇಷ್ಟು ಜಿಪುಣತನ ಬೇಡ. ಕಾಲಿನ ಗುಳಿಯಲ್ಲಿ ಪಟ್ಟಿಯ ಅಂಚಿಗೆ ಎದುರಾಗುವುದು ಮರದ ಎಳೆಗಳ ಕಡಿದ ತುದಿ. ಅಲ್ಲಿ ಅಂಟು ಹಿಡಿಯುವುದು ಅಷ್ಟಕ್ಕಷ್ಟೆ. ಒಂದು ಮಿ.ಮೀ. ಬಿಟ್ಟರೆ ಗಾಳಿಗೂ ಹೆಚ್ಚಿನ ಅಂಟಿಗೂ ದಾರಿಯಾಗುತ್ತದೆ.

ಹವೆಯ ಕಾಟ ಬೇರೆ. ಬೀಚ್ ಮರದ 10 ಮಿ.ಮೀ. ದಪ್ಪದ ಪಟ್ಟಿಯಲ್ಲಿ ತೇವಾಂಶ ಶೇಕಡಾ 4ರಷ್ಟು ಏರಿದರೆ ಅದು ಸುಮಾರು 0.1 ಮಿ.ಮೀ. ಉಬ್ಬುತ್ತದೆ, ಬಿಟ್ಟಿದ್ದ ಜಾಗವೇ ಹೋಯಿತು! ಚಳಿಗಾಲದಲ್ಲಿ ಸರಿಯಾಗಿದ್ದ ಪಟ್ಟಿಗಳು ಬೇಸಗೆಯ ಬೇಸ್‌ಮೆಂಟಿನಲ್ಲಿ ಒಳಗೇ ಹೋಗವು. ನಾವೀಗ ಪಟ್ಟಿಗಳನ್ನು ಪ್ರಯೋಗಾಲಯದ ಅಭ್ಯಾಸದಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ. ಮನೆಯಾಕೆ ಒಮ್ಮೆ ಅದನ್ನು ಬಿಸ್ಕತ್ತಿನ ಡಬ್ಬಿಯೆಂದು ತೆರೆದದ್ದುಂಟು.

ಮುಂದಿನ ಬೇಸಗೆಗೆ ಅಮ್ಮ ಮತ್ತೆ ಬರುತ್ತಿದ್ದಾರೆ. ಕುರ್ಚಿಯ ನಾಲ್ಕೂ ಕಾಲು ಬಿಚ್ಚಿ ಹೊಸದಾಗಿ ಕೂರಿಸಿದ್ದೇವೆ. ಈಗ ದಿನವೂ ಕಾಫಿಗೆ ಅದರಲ್ಲಿ ಕೂರುವವರು ನಾವೇ.