ಆಕಾಶದಲ್ಲಿ ಎರಡೂವರೆ ಗಂಟೆ, ನೆಲದ ಮೇಲೆ ಆರು ಗಂಟೆ

ಸರಕಿನ ತೂಕ, ದರ, ಲಾರಿ ಬಾಡಿಗೆಗಳನ್ನು ಪೈಸೆ ಬಿಡದೆ ಲೆಕ್ಕ ಹಾಕುವ ನಾವು ಪ್ರಯಾಣದ ಕಾಲವನ್ನು ಮಾತ್ರ ವಿಮಾನದ ವೇಳಾಪಟ್ಟಿ ನೋಡಿ ನಂಬಿಬಿಡುತ್ತೇವೆ. ವ್ಯಾಪಾರಸ್ಥನಿಗೆ ಕಾಲವೂ ಬಂಡವಾಳವೇ ಆಗಿರುವುದರಿಂದ ಈ ಲೆಕ್ಕವನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯವಾಗಿದೆ.

2023ರ ಅಕ್ಟೋಬರ್‌ನಲ್ಲಿ ಇಂಡಿಗೊ ಸಂಸ್ಥೆಯು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ದೆಹಲಿಗೆ ನೇರ ವಿಮಾನ ಆರಂಭಿಸಿದ್ದು ಗಡಿಭಾಗದ ವರ್ತಕರಿಗೆ ಶುಭವಾರ್ತೆಯೇ ಸರಿ. ಎರಡು ನಿಲ್ದಾಣಗಳ ನಡುವಣ ನೇರ ಅಂತರ ಸುಮಾರು 1,430 ಕಿ.ಮೀ.; ಹಾರಾಟದ ಅವಧಿ ಸುಮಾರು ಎರಡೂವರೆ ಗಂಟೆ.

ಈಗ ಮಂಗಸೂಳಿಯ ಒಣದ್ರಾಕ್ಷಿ ವರ್ತಕರೊಬ್ಬರು ಮಾದರಿಗಳೊಡನೆ ದೆಹಲಿಯ ಖಾರಿ ಬಾವ್ಲಿ ಪೇಟೆಗೆ ಹೊರಟರೆನ್ನೋಣ. ಸಾಂಬ್ರಾ ತಲುಪಲು ನೂರು ಕಿ.ಮೀ.ಗೂ ಮಿಕ್ಕಿದ ರಸ್ತೆ, ಮೂರು ಗಂಟೆ. ನಿಲ್ದಾಣದಲ್ಲಿ ತಪಾಸಣೆ ಮತ್ತು ಕಾಯುವಿಕೆಗೆ ಒಂದೂವರೆ ಗಂಟೆ. ದೆಹಲಿಯಲ್ಲಿಳಿದು ಪೇಟೆ ಸೇರಲು ಮತ್ತೆ ಒಂದೂವರೆ ಗಂಟೆ. ಒಟ್ಟು ಎಂಟೂವರೆ ಗಂಟೆಯಲ್ಲಿ ಆರು ಗಂಟೆ ನೆಲದ ಮೇಲೆಯೇ ಕಳೆಯಿತು. ದೂರದಲ್ಲಿ ಹತ್ತನೇ ಒಂದು ಪಾಲಿನಷ್ಟಿರುವ ರಸ್ತೆಯು ಕಾಲದಲ್ಲಿ ಅರ್ಧಕ್ಕೂ ಮಿಕ್ಕಿದ ಪಾಲನ್ನು ನುಂಗಿತು!

ದೂರ ಹೆಚ್ಚಿದಷ್ಟೂ ವಿಮಾನದ ಲಾಭ ಹೆಚ್ಚು. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಸುಮಾರು 14,000 ಕಿ.ಮೀ.ಗಳನ್ನು ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಕ್ರಮಿಸಿತು. ಸರಾಸರಿ ವೇಗ ಗಂಟೆಗೆ 800 ಕಿ.ಮೀ.ಗೂ ಅಧಿಕ. ಬೆಳಗಾವಿ–ದೆಹಲಿ ಹಾರಾಟದಲ್ಲಿ ಅದು 600ನ್ನೂ ಮುಟ್ಟದು. ರನ್‌ವೇಗೆ ಸಾಗುವ, ಮೇಲೇರುವ, ಕೆಳಗಿಳಿಯುವ ನಿಮಿಷಗಳು ಹತ್ತಿರದ ಪಯಣದಲ್ಲಿಯೂ ತಪ್ಪುವುದಿಲ್ಲ. ಆದುದರಿಂದಲೇ ಬೆಂಗಳೂರಿಗೆ ಹೋಗುವವರಿಗೆ ಉಗಾರದಲ್ಲಿ ಹತ್ತಿ ಬೆಳಿಗ್ಗೆ ಇಳಿಯುವ ರಾಣಿ ಚೆನ್ನಮ್ಮ ರೈಲು ಇಂದಿಗೂ ವಿಮಾನಕ್ಕೆ ಸಮರ್ಥ ಪ್ರತಿಸ್ಪರ್ಧಿ.

ನಮ್ಮಲ್ಲಿಯೂ ಒಂದು ವಿಮಾನ ನಿಲ್ದಾಣವಾಗಲಿ ಎಂದು ಬೇಡುವುದು ಸುಲಭ. ಅದಕ್ಕಿಂತ ಕಡಿಮೆ ವೆಚ್ಚದಲ್ಲಿ ಆಗಬಹುದಾದ ಕಾರ್ಯಗಳಿವೆ. ಅಥಣಿ, ಕಾಗವಾಡ, ಚಿಕ್ಕೋಡಿಗಳಿಂದ ವಿಮಾನದ ವೇಳೆಗೆ ಹೊಂದುವ ನೇರ ಬಸ್ಸು ಬೇಕು. ಕೃಷ್ಣೆಯ ಸೇತುವೆಗಳು ಮಹಾಪೂರದಲ್ಲಿಯೂ ತೆರೆದಿರುವಂತಾಗಬೇಕು. 2019ರ ಆಗಸ್ಟ್‌ನಲ್ಲಿ ನಿಪ್ಪಾಣಿ ಬಳಿ ಹೆದ್ದಾರಿಯೇ ನೀರಿನಲ್ಲಿ ನಿಂತಾಗ ವೇಳಾಪಟ್ಟಿ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಮಂಗಸೂಳಿಗೆ ಸಾಂಬ್ರಾಕ್ಕಿಂತ ಕೊಲ್ಹಾಪುರದ ನಿಲ್ದಾಣವೇ ಹತ್ತಿರವೆಂಬುದನ್ನೂ ಮರೆಯಲಾಗದು. ರಾಜ್ಯದ ಗಡಿಯು ನಕ್ಷೆಯಲ್ಲಿರಲಿ, ಪ್ರಯಾಣದ ಲೆಕ್ಕದಲ್ಲಿ ಬೇಡ.

ಮುಂದಿನ ಬಾರಿ ಟಿಕೆಟ್ ಕೊಳ್ಳುವ ಮುನ್ನ ಸದಸ್ಯರು ಅಂಗಡಿಯ ಬಾಗಿಲಿನಿಂದ ಗಿರಾಕಿಯ ಬಾಗಿಲಿನವರೆಗಿನ ಕಾಲವನ್ನು ಒಮ್ಮೆ ಬರೆದಿಡಲಿ. ಅಂತಹ ನೂರು ಲೆಕ್ಕಗಳು ಒಟ್ಟಾದರೆ, ಅಧಿಕಾರಿಗಳ ಮುಂದಿಡಲು ನಮ್ಮ ಬಳಿ ಬರಿಯ ಮನವಿಪತ್ರವಲ್ಲ, ಪುರಾವೆಯೇ ಇರುತ್ತದೆ.